ಒಂದೇ ಪುಟದ ಇಬ್ಬರು ಗುತ್ಯಮ್ಮಂದಿರು

ಪಂಚಾಯಿತಿಯವರು ತಂದಿಟ್ಟ ನಿಲುವು ಫ್ಯಾನು ಗೋಡೆಯ ಕಡೆ ಹೋಗಿ ಮತ್ತೆ ಈ ಕಡೆ ಮುಖ ಮಾಡಿದಾಗಲೆಲ್ಲ ಮತದಾರರ ಪಟ್ಟಿಯ ಹಾಳೆ ಏಳುತ್ತದೆ, ಸರ್ವಮಂಗಳ ಅಂಗೈಯಲ್ಲಿ ಒತ್ತುತ್ತಾಳೆ, ಫ್ಯಾನು ಹೋಗುತ್ತದೆ, ಹಾಳೆ ಮಲಗುತ್ತದೆ, ಮತ್ತೆ ಬರುತ್ತದೆ — ಸ್ಕೇಲು ಇಟ್ಟರೆ ಆಗುತ್ತಿತ್ತು, ಸ್ಕೇಲು ಪಕ್ಕದ ರಕ್ಷಿತಾಳ ಹತ್ತಿರ ಇದೆ, ರಕ್ಷಿತಾ ಅದನ್ನು ಕುತ್ತಿಗೆಯ ಹಿಂದೆ ಇಳಿಬಿಟ್ಟು ಬೆನ್ನು ಕೆರೆದುಕೊಳ್ಳುತ್ತಿದ್ದಾಳೆ, ನಿನ್ನೆ ಇದೇ ಶಾಲೆಯ ನೆಲದ ಮೇಲೆ ಮಲಗಿ ಸೊಳ್ಳೆ ಕಚ್ಚಿಸಿಕೊಂಡ ಬೆನ್ನು, ಕೆರೆದುಕೊಳ್ಳಲಿ ಪಾಪ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಇದು ಮೊದಲ ಎಲೆಕ್ಷನ್ ಡ್ಯೂಟಿ. ಸರ್ವಮಂಗಳಳಿಗೆ ಎಷ್ಟನೆಯದೋ, ಲೆಕ್ಕ ಬಿಟ್ಟುಹೋಗಿದೆ, ಶಿಕಾರಿಪುರದ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ ಅಂದಮೇಲೆ ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ, ಯಾವುದೂ ಬಿಡುವುದಿಲ್ಲ, ಕಂಪ್ಯೂಟರು ಹೆಸರು ಎತ್ತುತ್ತದೆ, ಶಿಕಾರಿಪುರದವರನ್ನು ಸೊರಬಕ್ಕೆ, ಸೊರಬದವರನ್ನು ಶಿಕಾರಿಪುರಕ್ಕೆ ಎಸೆಯುತ್ತದೆ, ಆದೇಶ ಬಂದ ದಿನ ಕಚೇರಿಯಲ್ಲಿ ಅರ್ಧ ಜನಕ್ಕೆ ಬೆನ್ನುನೋವು, ಇನ್ನರ್ಧ ಜನರ ಅತ್ತೆಗೆ ಹುಷಾರಿಲ್ಲ, ಅವಳು ಮಾತ್ರ ಯಾರನ್ನೂ ಕೇಳಿಕೊಳ್ಳಲು ಹೋಗಲಿಲ್ಲ, ಕೇಳಿ ಸಿಗುವ ರಜೆಗಿಂತ ಚಟ್ನಿಪುಡಿ ಕಟ್ಟಿಕೊಂಡು ಹೊರಡುವುದು ಸುಲಭ, ಗಂಡ ಚನ್ನೇಶ್ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದುಕೊಂಡು ಬಂದು, ನೀನು ಗೆರೆ ಎಳೆಯೋಕೆ ಹೋಗೋದು, ಯುದ್ಧಕ್ಕಲ್ಲ, ನೀರು ಕುಡೀತಿರು, ಎಂದಿದ್ದ. ಗೆರೆ ಎಳೆಯುವುದೇ. ಚೀಟಿ ನೋಡು, ಹೆಸರು ಏಜೆಂಟರಿಗೆ ಕೇಳುವ ಹಾಗೆ ಕೂಗು, ಮುಖ ನೋಡು, ಆ ಹೆಸರಿನ ಚೌಕದ ಮೇಲೆ ಕೆಂಪು ಶಾಯಿಯಲ್ಲಿ ಓರೆಗೆರೆ ಎಳೆ, ಹೆಂಗಸಾದರೆ ಕ್ರಮಸಂಖ್ಯೆಗೆ ಒಂದು ಸುತ್ತು ಹಾಕು, ಮುಂದೆ ಕಳಿಸು, ರಕ್ಷಿತಾ ರಿಜಿಸ್ಟರಿನಲ್ಲಿ ಬರೆದು ಬೆರಳಿಗೆ ಶಾಯಿ ಹಚ್ಚುತ್ತಾಳೆ, ಅದರಾಚೆ ಯಂತ್ರ. ಬೆಳಿಗ್ಗೆ ಬಾಗಿಲು ತೆರೆದಾಗ ಇದ್ದ ನೂಕುನುಗ್ಗಲು ಈಗಿಲ್ಲ, ಊಟದ ಹೊತ್ತು ದಾಟಿದೆ, ಮೇ ತಿಂಗಳ ಬಿಸಿಲಿಗೆ ಅಂಗಳ ಬೆಳ್ಳಗೆ ಉರಿಯುತ್ತಿದೆ, ಹಾಳೆ ಏಳುತ್ತದೆ, ಒತ್ತುತ್ತಾಳೆ, ಅಷ್ಟರಲ್ಲಿ ಹಾಳೆಯ ಮೇಲೆ ಒಂದು ಬೆರಳು.

ಮೊದಲು ಬೆರಳು ಬಂತು, ಆಮೇಲೆ ಹೆಂಗಸು. ಚೀಟಿ ಕೊಡುವ ಮೊದಲೇ ಎಡಗೈ ತೋರುಬೆರಳನ್ನು ನೀಡಿಕೊಂಡು ಬಂದಿದ್ದಾಳೆ, ಡಾಕ್ಟರ ಮುಂದೆ ನಾಲಿಗೆ ಚಾಚಿಕೊಂಡೇ ಬರುವವರ ಹಾಗೆ, ಉಗುರು ಒಡೆದಿದೆ, ಉಣ್ಣೆ ನೂತು ನೂತು ತುದಿಯಲ್ಲಿ ನಯವಾದ ಒಂದು ಗೀರು ಬಿದ್ದಿದೆ, ಬೆರಳನ್ನು ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಬಂದದ್ದೂ ತಿಳಿಯುತ್ತದೆ, ಮಣಿಕಟ್ಟಿನವರೆಗೆ ದೂಳು, ಬೆರಳೊಂದು ಮಾತ್ರ ಚೊಕ್ಕಟ. ಶಾಯಿ ಅಲ್ಲಿ ಹಾಕೋದಮ್ಮ, ಇಲ್ಲಿ ಚೀಟಿ ಕೊಡಿ, ಎಂದು ಸರ್ವಮಂಗಳ ಕೈ ಒಡ್ಡಿದಳು, ಗುತ್ಯಮ್ಮ, ಗಂಡ ಲೋಕಪ್ಪ, ಎಂದು ಕೂಗಿದಳು, ಕೂಗುತ್ತಲೇ ಪುಟ ತೆರೆದು ಪೆನ್ನು ಇಳಿಸಿದಳು, ಪೆನ್ನು ನಿಂತಿತು. ಆ ಚೌಕದ ಮೇಲೆ ಆಗಲೇ ಗೆರೆ ಇದೆ. ಸುತ್ತೂ ಇದೆ. ಅವಳದೇ ಕೈಯ ಗೆರೆ, ಮೇಲಿಂದ ಬಲಕ್ಕೆ ಇಳಿದು ಕೊನೆಯಲ್ಲಿ ಒಂಚೂರು ಕೊಂಕುವ ಗೆರೆ. ಹೆಂಗಸಿನ ಬೆರಳು ನೋಡಿದಳು, ಶಾಯಿ ಇಲ್ಲ, ಬಲಗೈ ನೋಡಿದಳು, ಇಲ್ಲ, ಎಲೆಕ್ಷನ್ ಕಾರ್ಡು ತೆಗೆದುಕೊಂಡು ನಂಬರು ನೋಡಿದಳು, ಗೆರೆ ಬಿದ್ದ ಚೌಕದ ನಂಬರೇ. ನಿಮ್ಮ ಹೆಸರಲ್ಲಿ ಆಗಲೇ ಓಟು ಬಿದ್ದ ಹಾಗೆ ಇದೆಯಲ್ಲಮ್ಮ, ಎಂಬ ಮಾತು ಬಾಯಿಂದ ಹೋದದ್ದೇ ತಡ, ಗೋಡೆಗೆ ಒರಗಿ ತೂಕಡಿಸುತ್ತಿದ್ದ ಏಜೆಂಟ್ ಮಾಳೇಶ ಕಣ್ಣುಬಿಟ್ಟ, ಅಯ್ಯಯ್ಯೋ ಗುತ್ಯಕ್ಕಾ, ನಿನ್ ಓಟನ್ನ ಯಾರೋ ಮೇಯಿಸ್ಕೊಂಡು ಹೋದ್ರಲ್ಲೇ. ಹೆಂಗಸು ತಿರುಗಿಯೂ ನೋಡಲಿಲ್ಲ, ಮೇಯಾಕೆ ಬಿಟ್ಟೋನು ನೀನೇ ಅಲ್ಲೇನೋ ಮಾಳೇಶಾ, ಬೆಳಿಗ್ಗಿಂದ ಕುಂತು ಎಂತ ಕಾದೆ, ನಮ್ ನಾಯಿ ಆಗಿದ್ರೆ ಬೊಗಳಾದ್ರೂ ಬೊಗಳ್ತಿತ್ತು. ಇನ್ನೊಂದು ಪಕ್ಷದ ಏಜೆಂಟ್ ಈಶ್ವರ್ ವಯಸ್ಸಾದವನು, ನಗದವನು, ಅವನೂ ನಕ್ಕ, ರಕ್ಷಿತಾ ಸ್ಕೇಲು ಕೆಳಗಿಟ್ಟು ನಕ್ಕಳು, ನಗುವಿನ ನಡುವೆಯೂ ಆ ಬೆರಳು ಹಾಳೆಯ ಮೇಲೆ ಚಾಚಿಯೇ ಇತ್ತು, ಹಿಂದಕ್ಕೆ ಹೋಗಲಿಲ್ಲ.

ಬೆಳಿಗ್ಗೆ, ಯಾವಾಗ, ಯಾರು — ಬಾಗಿಲಲ್ಲಿ ಜನ, ಪೊಲೀಸಿನವನು ಸಾಲು ಸಾಲು ಎನ್ನುತ್ತಿದ್ದ, ತುಂಬು ಬಸುರಿಯೊಬ್ಬಳನ್ನು ಮುಂದೆ ಬಿಟ್ಟಿದ್ದರು, ಅವಳ ಹಿಂದೆ ಮೊಣಕಾಲು ಹಿಡಿದುಕೊಂಡು ನಡೆಯುತ್ತಿದ್ದ ಹೆಂಗಸು, ಹಸಿರು ಸೀರೆ, ಹೌದು, ಗುತ್ಯಮ್ಮ ಗಂಡ ಲೋಕಪ್ಪ ಎಂದು ತಾನು ಆಗಲೂ ಇದೇ ಗಂಟಲಲ್ಲಿ ಕೂಗಿದ್ದಳು, ಏಜೆಂಟರು ಸರಿ ಸರಿ ಎಂದಿದ್ದರು, ಸರಿಯೇ, ಆಕೆಯೂ ಗುತ್ಯಮ್ಮನೇ. ಈಗ ಬೆರಳಿನಿಂದ ಕಣ್ಣು ಕಿತ್ತು ಅದೇ ಪುಟದ ಮೇಲೆ ಓಡಿಸುತ್ತಾಳೆ, ಬಲಗಡೆಯ ಸಾಲಿನಲ್ಲಿ, ಕೆಳಗೆ, ಇದೆ — ಗುತ್ಯಮ್ಮ, ಗಂಡ ಲೋಕಪ್ಪ, ಮನೆ ನಂಬರು ಬೇರೆ, ವಯಸ್ಸು ನಾಲ್ಕೈದು ವರ್ಷ ಹೆಚ್ಚು, ಅಂಚೆಚೀಟಿಯಷ್ಟು ಫೋಟೊದಲ್ಲಿ ಇಬ್ಬರೂ ತಲೆಮೇಲೆ ಸೆರಗು ಹೊದ್ದ ಕಪ್ಪು ಮಸಿ, ಆ ಚೌಕ ಖಾಲಿ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ಈ ಕಡೆ ಗುತ್ಯಮ್ಮ, ಗಂಡಾದರೆ ಗುತ್ಯಪ್ಪ, ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಶಿಕಾರಿಪುರದಲ್ಲಿ ಹುಚ್ಚರಾಯಪ್ಪ ಎಂದು ಕೂಗಿದರೆ ಬೀದಿಗೊಬ್ಬ ತಿರುಗುವುದಿಲ್ಲವೆ, ಗೊತ್ತಿದ್ದೇ ತರಬೇತಿಯಲ್ಲಿ ಹೇಳಿದ್ದು, ಒಂದೇ ಹೆಸರು ಕಂಡರೆ ಕಾರ್ಡಿನ ನಂಬರು ನೋಡಿ ಎಂದು, ನೋಡಲಿಲ್ಲ, ಹೆಸರು ಸರಿ, ಗಂಡನ ಹೆಸರು ಸರಿ, ಮೊದಲು ಕಣ್ಣಿಗೆ ಬಿದ್ದ ಗುತ್ಯಮ್ಮನ ಮೇಲೆ ಗೆರೆ ಎಳೆದು ಕಳಿಸಿದಳು. ಆ ಗುತ್ಯಮ್ಮನ ಓಟಿಗೆ ಈ ಗುತ್ಯಮ್ಮನ ಚೌಕ ಹೋಯಿತು. ಯಾರೂ ಕಳ್ಳ ಓಟು ಹಾಕಿಲ್ಲ, ಯಾರೂ ಮೇಯಿಸಿಕೊಂಡು ಹೋಗಿಲ್ಲ, ತಪ್ಪು ಈ ಕೆಂಪು ಪೆನ್ನಿನದು, ಅದು ಅವಳೊಬ್ಬಳಿಗೇ ಗೊತ್ತು. ರಕ್ಷಿತಾಳ ರಿಜಿಸ್ಟರು ನೋಡಿದರೂ ತಿಳಿಯುವುದಿಲ್ಲ, ಅಲ್ಲಿ ತಾನು ಹೇಳಿದ ಕ್ರಮಸಂಖ್ಯೆಯೇ ಇದೆ, ಪಕ್ಕದಲ್ಲಿ ಒಂದು ಹೆಬ್ಬೆಟ್ಟು, ಎಲೆಕ್ಷನ್ ಕಾರ್ಡು ತಂದವರಿಗೆ ನಂಬರು ಬರೆಯುವ ಪದ್ಧತಿಯಿಲ್ಲ, ಕಾರ್ಡು ತಂದಿದ್ದರು ಎಂದಷ್ಟೇ ಬರೆದರೆ ಸಾಕು.

ಮಹಾಂತೇಶ್ ಸರ್ ಆಗಲೇ ಎದ್ದು ಬಂದಿದ್ದಾರೆ, ಮತಗಟ್ಟೆಯ ಮುಖ್ಯಸ್ಥರು ಅವರು, ಪಿಯು ಕಾಲೇಜಿನ ಮೇಷ್ಟ್ರು, ಒಳ್ಳೆಯವರು, ನಿನ್ನೆ ತಮ್ಮ ಮನೆಯ ರೊಟ್ಟಿಯನ್ನು ಎಲ್ಲರಿಗೂ ಹಂಚಿದವರು, ಒಳ್ಳೆಯವರಾದ್ದರಿಂದಲೇ ಹೆದರುವವರು, ಕೈಪಿಡಿ ತೆರೆದುಕೊಂಡಿದ್ದಾರೆ, ಇದಕ್ಕೆ ನಿಯಮ ಇದೆ ಮೇಡಂ, ಗಾಬರಿ ಬೇಡ, ಒಬ್ಬರ ಹೆಸರಲ್ಲಿ ಆಗಲೇ ಓಟು ಬಿದ್ದಿದ್ದು ನಿಜವಾದ ಮತದಾರರು ಆಮೇಲೆ ಬಂದರೆ ಕಾಗದದ ಬ್ಯಾಲೆಟ್ ಕೊಡೋದು, ಟೆಂಡರ್ಡ್ ಬ್ಯಾಲೆಟ್, ಅವರು ಸೀಲು ಒತ್ತಿ ಕೊಡ್ತಾರೆ, ನಾವು ಕವರಿಗೆ ಹಾಕೋದು, ಮುಗೀತು. ಅವರ ಮುಖದಲ್ಲಿ ಎಷ್ಟು ನಿರಾಳ, ನಿಯಮ ಸಿಕ್ಕಿದ ಮೇಷ್ಟ್ರ ನಿರಾಳ. ಗುತ್ಯಮ್ಮ ಅವರನ್ನು ನೋಡಿದಳು, ಆಮೇಲೆ ಸರ್ವಮಂಗಳಳನ್ನು. ಯಂತ್ರದಾಗೆ ಒತ್ತಂಗಿಲ್ಲೇನ್ರಿ. ಇಲ್ಲಮ್ಮ, ಕಾಗದ, ಹಳೇ ಕಾಲದ ಹಾಗೆ, ಅದೂ ಓಟೇ. ಅದನ್ನ ಎಣಿಸ್ತಾರೇನ್ರಿ. ಕವರಿಗೆ ಹಾಕಿ ಸೀಲ್ ಮಾಡ್ತೀವಮ್ಮ, ಭದ್ರವಾಗಿ ಇರುತ್ತೆ, ಎಂದರು ಮಹಾಂತೇಶ್ ಸರ್, ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಭದ್ರವಾಗಿ ಇರುತ್ತದೆ. ಕೋರ್ಟು ಕೇಳದ ಹೊರತು ಆ ಕವರನ್ನು ಯಾರೂ ಒಡೆಯುವುದಿಲ್ಲ, ಎಣಿಕೆಗೆ ಬರುವುದೇ ಇಲ್ಲ, ತರಬೇತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ, ಮಕ್ಕಳ ಕೈಗೆ ಕೊಡೋ ಆಟದ ಮೊಬೈಲು ಅನ್ನಿ, ಎಂದಿದ್ದರು, ಎಲ್ಲರೂ ನಕ್ಕಿದ್ದರು, ಅವಳೂ. ಎಣಿಸ್ತಾರೇನ್ರಿ ಅಕ್ಕಾರೆ, ಎಂದು ಹೆಂಗಸು ಈಗ ಅವಳನ್ನೇ ಕೇಳುತ್ತಿದ್ದಾಳೆ. ಹ್ಞೂಂ ಎಂದರೆ ಮುಗಿಯಿತು. ಅದನ್ನೂ ಅನ್ನಬೇಕಿಲ್ಲ, ಸುಮ್ಮನಿದ್ದರೆ ಸಾಕು, ರಕ್ಷಿತಾ ಬೆರಳಿಗೆ ಶಾಯಿ ಹಚ್ಚುತ್ತಾಳೆ, ಗುತ್ಯಮ್ಮ ಕಾಗದಕ್ಕೆ ಸೀಲು ಒತ್ತಿ, ನಮಸ್ಕಾರ ಮಾಡಿ, ಖುಷಿಯಲ್ಲಿ ಮನೆಗೆ ಹೋಗುತ್ತಾಳೆ, ಡೈರಿಯಲ್ಲಿ ಒಂದು ಟೆಂಡರ್ಡ್ ಓಟು ಎಂದು ಸೇರುತ್ತದೆ, ಯಾರೋ ಅವಳ ಹೆಸರಿನಲ್ಲಿ ಹಾಕಿ ಹೋದರು ಎಂದಾಗುತ್ತದೆ, ಆ ಯಾರೋ ಎಂಬವನಿಗೆ ನೋಟಿಸು ಬರುವುದಿಲ್ಲ. ತಪ್ಪು ತನ್ನದು ಎಂದರೆ ಬರುತ್ತದೆ. ಕಚೇರಿಯ ಹರೀಶನಿಗೆ ಹೋದ ಸಲ ಬಂದಿತ್ತು, ಯಾವುದೋ ಕವರು ಅದಲುಬದಲಾದದ್ದಕ್ಕೆ, ಅವನು ವಿವರಣೆ ಹಿಡಿದುಕೊಂಡು ಶಿವಮೊಗ್ಗಕ್ಕೆ ಅಲೆದು ಅಲೆದು ತೆಳ್ಳಗಾದ, ಬಡ್ತಿಯ ಫೈಲು ಇನ್ನೂ ಮೇಲೆ ಹೋಗಿಲ್ಲ, ಅವಳ ಫೈಲೂ ಅದೇ ಕಟ್ಟಿನಲ್ಲಿ ಇದೆ. ತನ್ನ ಓಟು ಬೆಳಿಗ್ಗೆಯೇ ಆಗಿದೆ, ಲೋಕಸಭೆ ಚುನಾವಣೆಯಾದ್ದರಿಂದ ಡ್ಯೂಟಿ ಸರ್ಟಿಫಿಕೇಟು ಕೊಟ್ಟು ಇದೇ ಯಂತ್ರದಲ್ಲಿ ಒತ್ತಿದ್ದು, ಬೀಪ್ ಎಂದದ್ದು, ಹಾಳೆ ಒತ್ತಿ ಹಿಡಿದ ಎಡಗೈ ಉಗುರಿನ ಮೇಲೆ ಶಾಯಿ ಒಣಗಿ ನೇರಳೆಯಿಂದ ಕಪ್ಪಿಗೆ ತಿರುಗಿದೆ, ಅದರ ಪಕ್ಕದಲ್ಲಿಯೇ ಗುತ್ಯಮ್ಮನ ಬೆರಳು, ಗೇಣುದ್ದ ದೂರ. ಇಲ್ಲಮ್ಮ, ಎಣಿಸಲ್ಲ, ಎಂದುಬಿಟ್ಟಳು. ಇದು ಕಳ್ಳ ಓಟಲ್ಲ ಸರ್, ನಾನೇ ತಪ್ಪು ಚೌಕಕ್ಕೆ ಗೆರೆ ಎಳೆದಿದೀನಿ, ಇದೇ ಪುಟದಲ್ಲಿ ಇನ್ನೊಬ್ಬರು ಗುತ್ಯಮ್ಮ ಇದಾರೆ, ಗಂಡನ ಹೆಸರೂ ಒಂದೇ, ಓಟು ಹಾಕಿದ್ದು ಅವರು.

ಹೇಳಿದ ಮೇಲೆ ಏನೂ ಆಗಲಿಲ್ಲ, ಫ್ಯಾನು ತಿರುಗಿತು, ಹಾಳೆ ಎದ್ದಿತು. ಮಹಾಂತೇಶ್ ಸರ್ ಕನ್ನಡಕ ತೆಗೆದರು, ಹಾಕಿಕೊಂಡರು, ಎಂಥ ಕೆಲಸ ಮಾಡಿದ್ರಿ ಮೇಡಂ, ಎಂದು ಬೈಯುವ ದನಿಯಲ್ಲೂ ಅಲ್ಲ, ಹಾಲು ಉಕ್ಕಿದ್ದನ್ನು ನೋಡಿದವರ ದನಿಯಲ್ಲಿ. ಈಶ್ವರ್ ಎದ್ದು ನಿಂತ, ಬಾಯಲ್ಲಿ ಹೇಳಿದ್ರೆ ಹೆಂಗ್ರಿ, ಆ ಗುತ್ಯಮ್ಮ ಓಟು ಹಾಕಿದ್ದು ಖಾತ್ರಿ ಆಗಬೇಕಲ್ಲ, ಈಗ ಇವಳನ್ನ ಬಿಟ್ರಿ, ಸಂಜೆ ಆಕೇನೂ ಬಂದು ನನ್ನ ಚೌಕ ಖಾಲಿ ಐತೆ ಅಂದ್ರೆ, ಮೂರು ಓಟಿಗೆ ಎರಡು ಗುತ್ಯಮ್ಮ ಆಗ್ತಾರೆ. ಮಾಳೇಶ ಮೈಮೇಲೆ ದೇವರು ಬಂದವನ ಹಾಗೆ, ನಮ್ಮೋರು ಅಂತ ಅಡ್ಡ ಹಾಕ್ತೀಯಾ ಈಶ್ವರಣ್ಣಾ, ಎಂದ, ಈಶ್ವರ್ ಸಮಾಧಾನವಾಗಿ, ನಿಮ್ಮೋರೋ ನಮ್ಮೋರೋ ಆಕೆ ಒಳಗೆ ಎಂತ ಒತ್ತುತಾಳೆ ನಿನಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಲೆಕ್ಕ ಸರಿ ಇರಲಿ, ಎಂದ. ಅವನು ಹೇಳುವುದರಲ್ಲಿ ನ್ಯಾಯವಿದೆ, ನ್ಯಾಯ ಇರುವುದೇ ತೊಂದರೆ. ಆ ಗುತ್ಯಮ್ಮನನ್ನು ಕರೆಸಿ, ಬೆರಳಿನಲ್ಲಿ ಶಾಯಿ ಇದ್ದರೆ, ಅವಳ ಕಾರ್ಡು ಖಾಲಿ ಚೌಕದ್ದಾದರೆ, ನಾವಿಬ್ಬರೂ ಸಹಿ ಹಾಕ್ತೀವಿ, ಎಂದ. ಮಹಾಂತೇಶ್ ಸರ್ ಮೇಲಿನವರಿಗೆ ಫೋನು ಮಾಡಿದರು, ಆ ಕಡೆಯವರು ಬಹಳ ಹೊತ್ತು ಮಾತಾಡಿದರು, ಫೋನು ಇಟ್ಟು, ನಿಮ್ಮ ಹಂತದಲ್ಲೇ ಬಗೆಹರಿಸಿಕೊಳ್ಳಿ ಅಂತಾರೆ, ಎಂದು ಹೇಳಿ ಕೂತರು. ಹೊರಗೆ ಚೀಟಿ ಹುಡುಕಿಕೊಡಲು ಕೂತ ರೋಜಾಳನ್ನು ಕರೆದರು, ಅಂಗನವಾಡಿ ಟೀಚರು, ಊರಿನ ಮತಪಟ್ಟಿ ನೋಡಿಕೊಳ್ಳುವವಳು, ಬಾಗಿಲಲ್ಲಿ ನಿಂತು ಒಂದೇ ಮಾತಿಗೆ, ಓ ಅದು ಕೆರೆ ಮೇಲಿನ ಗುತ್ಯಮ್ಮ ಕಣ್ರಿ, ಇದು ಕುರಿ ಗುತ್ಯಮ್ಮ, ಊರಿಗೆಲ್ಲ ಗೊತ್ತು, ಎಂದಳು. ಊರಿಗೆಲ್ಲ ಗೊತ್ತು, ಪಟ್ಟಿಗೆ ಗೊತ್ತಿಲ್ಲ, ಪಟ್ಟಿಯಲ್ಲಿ ಕೆರೆಯೂ ಇಲ್ಲ ಕುರಿಯೂ ಇಲ್ಲ. ಕೆರೆ ಮೇಲಿನ ಗುತ್ಯಮ್ಮ ಓಟು ಹಾಕಿ ಮಗಳ ಊರಿಗೆ ಹೋಗಿದ್ದಾಳೆ, ಅವಳ ಹತ್ತಿರ ಫೋನಿಲ್ಲ, ಮಗಳ ಫೋನು ಹತ್ತುತ್ತಿಲ್ಲ, ನಾನೇ ಸ್ಕೂಟಿಯಲ್ಲಿ ಹೋಗಿ ಕರ್ಕೊಂಬರ್ತೀನಿ ತಗಳ್ರಿ, ಎಂದು ರೋಜಾ ಬಿಸಿಲಿಗೆ ಇಳಿದಳು.

ಕುರಿ ಗುತ್ಯಮ್ಮ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಬೆರಳು ಮಡಿಲಲ್ಲಿ ಬೇರೆಯಾಗಿ ನಿಂತಿದೆ, ಉಳಿದ ನಾಲ್ಕು ಮಡಚಿಕೊಂಡಿವೆ, ಎಲ್ಲಿಗೂ ತಾಗಿ ಮಾಸದ ಹಾಗೆ ಜೋಪಾನ ಮಾಡಿಟ್ಟಿದ್ದಾಳೆ. ನೀರು ಕುಡೀತೀರಾ ಎಂದರೆ ಕುಡಿದಳು. ಎಲ್ಲಿಂದ ಬಂದಿರಿ, ಮಂದೆ ಎಲ್ಲಿದೆ, ಎಂದು ಸರ್ವಮಂಗಳ ಕೇಳಿದಳು, ಕೇಳಬೇಕೆಂದಲ್ಲ, ಸುಮ್ಮನೆ ಎದುರು ಬದುರು ಇರಲಾಗದೆ. ತೊಗರ್ಸಿ ಹತ್ರ ಕಣ್ರಿ, ನಿಮ್ ಶಿಕಾರಿಪುರದ ಕಡೀಗೇ, ಹೊಲದಾಗೆ ಮಂದೆ ನಿಲ್ಲಿಸೀವಿ, ನಮ್ಮನೇರು ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದು ಒತ್ತಿ ಬಂದ್ರು, ಅವರು ಬಂದಮ್ಯಾಲೆ ನಾ ಹೊಂಟೆ, ಇಬ್ರೂ ಕೂಡಿ ಬರಾಕಾಗಲ್ಲ, ಕುರೀನ ಯಾರಿಗೆ ಒಪ್ಪಿಸಾದು, ಈ ಮಾಳೇಶಂಗಾ. ಮಾಳೇಶ ಈಗ ನಗಲಿಲ್ಲ. ಮತ್ತೆ ಯಾವಾಗ ಹೋಗಬೇಕು, ಎಂದಳು ಸರ್ವಮಂಗಳ. ಮಂದೆ ಹೊತ್ತು ಮುಳುಗಾಕೆ ತಿರುಗ್ತೈತೆ, ಬಲೆ ಕಟ್ಟಬೇಕು, ಮರಿ ಬೇರೆ ಮಾಡಬೇಕು, ಒಬ್ಬರ ಕೈಲಿ ಆಗಲ್ಲ, ನಾಕು ಮರಿ ಮೊನ್ನೆ ಹುಟ್ಟಿದ್ದು, ಸೊರಬದ ಬಸ್ಸು ಬರ್ತೈತಲ್ಲ, ಅದು ತಪ್ಪಿದ್ರೆ ಶಿರಾಳಕೊಪ್ಪದಾಗೆ ಮುಂದಿನ ಬಸ್ಸು ಸಿಗಲ್ಲ. ತೊಗರ್ಸಿ ಕಡೆಯ ಹೊಲ ಎಂದರೆ — ಸರ್ವಮಂಗಳಳ ಅಪ್ಪನ ಹೊಲ ಅದರ ಈಚೆ ಇತ್ತು, ಸಂಜೆ ಶಿಕಾರಿಪುರ ಪೇಟೆಯ ತನ್ನ ಅಂಗಡಿ ಮುಚ್ಚಿದ ಮೇಲೆ ಅಪ್ಪ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ, ಬೇಸಿಗೆಯಲ್ಲಿ ಕುರಿಯವರು ಬಂದು ಮಂದೆ ನಿಲ್ಲಿಸುತ್ತಿದ್ದರು, ಗೊಬ್ಬರಕ್ಕೆ, ಅವಳನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗಿ ಅಪ್ಪ ತೋರಿಸುತ್ತಿದ್ದ, ಬಲೆಯೊಳಗೆ ಒತ್ತಿಕೊಂಡು ನಿಂತ ಕುರಿಗಳು, ಉಚ್ಚೆ ಮತ್ತು ಉಣ್ಣೆಯ ಬಿಸಿ ವಾಸನೆ, ಬುಟ್ಟಿಯ ಕೆಳಗೆ ಕೂಗುವ ಮರಿ, ಯಾವ ಊರಿನವರು ಎಂದು ಅಪ್ಪ ಕೇಳಿದ್ದು ನೆನಪಿಲ್ಲ, ಎಷ್ಟು ದಿನ ನಿಲ್ಲಿಸ್ತೀರಿ ಎಂದು ಕೇಳುತ್ತಿದ್ದ, ಓಟಿನ ದಿನ ಇವರು ಏನು ಮಾಡುತ್ತಾರೆಂದು ಯಾರು ಕೇಳುತ್ತಾರೆ. ಸಾಲಿನಲ್ಲಿ ಇಬ್ಬರು ಮೂವರು ಬಂದರು, ಗೆರೆ ಎಳೆದಳು, ಈಗ ಪ್ರತಿಯೊಬ್ಬರ ಕಾರ್ಡಿನ ನಂಬರನ್ನೂ ಬೆರಳಿಟ್ಟು ಓದಿದಳು, ಓದುವಾಗ ಬಾಗಿಲ ಹೊರಗಿನ ಸದ್ದಿಗೆ ಕಿವಿ, ಸ್ಕೂಟಿಯೋ ಬಸ್ಸೋ, ಯಾವುದು ಮೊದಲು.

ಬಸ್ಸು ಮೊದಲು. ತಿರುವಿನಾಚೆಯಿಂದಲೇ ಹಾರ್ನು ಹಾಕುತ್ತ ಬಂತು, ಗುತ್ಯಮ್ಮ ಎದ್ದು ನಿಂತಳು, ಕೂರಲಿಲ್ಲ, ಹೋಗಲೂ ಇಲ್ಲ. ಮಹಾಂತೇಶ್ ಸರ್ ಬೇಗ ಬೇಗ, ಕಾಗದದಲ್ಲಾದರೂ ಹಾಕಿ ಹೋಗಿ ತಾಯಿ, ಎಂದರು. ಎಣಿಸ್ದೆ ಇರೋದು ನಂಗ್ಯಾಕ್ರಿ, ಎಂದಳು, ಸಿಟ್ಟಿನಲ್ಲಿ ಅಲ್ಲ, ಅಂಗಡಿಯವನು ಬೇಡದ್ದನ್ನು ಕಟ್ಟಲು ಬಂದರೆ ಹೇಳುವ ಹಾಗೆ. ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಮೇಜಿನ ಮೇಲೆ ಬಗ್ಗಿದಳು, ಮೆಲ್ಲಗೆ, ಏಜೆಂಟರಿಗೆ ಕೇಳದ ಹಾಗೆ, ಅಕ್ಕಾರೆ, ಶಾಯೀನಾದ್ರೂ ಒಂದ್ ಚುಕ್ಕಿ ಇಟ್ಟು ಕಳ್ಸಿ, ಅಷ್ಟು ದೂರದಿಂದ ಬಂದೀನಿ, ನಮ್ಮನೇರು ಕೇಳ್ತಾರೆ, ಎಂತ ತೋರಿಸ್ಲಿ. ಬೆರಳು ಮತ್ತೆ ಹಾಳೆಯ ಮೇಲೆ ಬಂತು. ರಕ್ಷಿತಾ ಕೇಳಿಸಿಕೊಂಡಿದ್ದಳು, ಶಾಯಿಯ ಕಡ್ಡಿ ಅವಳ ಕೈಯಲ್ಲೇ ಇತ್ತು, ಸರ್ವಮಂಗಳಳ ಮುಖ ನೋಡಿದಳು, ಇಡ್ಲಾ ಮೇಡಂ ಎಂದು ಕಣ್ಣಲ್ಲೇ ಕೇಳಿದಳು. ಇಟ್ಟರೆ ಏನಾಗುತ್ತಿತ್ತು, ಒಂದು ಚುಕ್ಕೆ, ಬಾಟಲಿಯಲ್ಲಿ ಬೇಕಾದಷ್ಟಿದೆ, ಆದರೆ ಶಾಯಿ ಹಾಕಿದ ಬೆರಳನ್ನು ಆಮೇಲೆ ಯಾರು ಯಂತ್ರದ ಹತ್ತಿರ ಬಿಡುತ್ತಾರೆ, ಬಾಗಿಲು ಮುಚ್ಚುವವರೆಗೆ ದಾರಿ ಇದೆ, ಹೇಗಾದರೂ ತಿರುಗಿ ಬಂದರೆ — ಹಾಗೆ ಯೋಚಿಸಿದಳೋ, ನಿಯಮ ಎಂದು ಯೋಚಿಸಿದಳೋ, ಈಗ ಬಿಡಿಸಿ ಹೇಳಲಾಗುವುದಿಲ್ಲ, ಬೇಡ, ಎಂದಳು, ಅಷ್ಟೇ. ಗುತ್ಯಮ್ಮ ಆಯ್ತು ಬಿಡ್ರಿ ಎಂದಳು. ಬಿಸಿಲಲ್ಲಿ ಅಂಗಳ ದಾಟಿ ಓಡಿದಳು, ಕಂಡಕ್ಟರ್ ಬಾಗಿಲು ತೆರೆದು ಹಿಡಿದಿದ್ದ, ಹತ್ತುವಾಗ ಒಂದು ಕೈ ಸರಳು ಹಿಡಿದಿತ್ತು, ಇನ್ನೊಂದು ಕೈಯ ಬೆರಳು ಆಗಲೂ ಬೇರೆಯಾಗಿಯೇ ನಿಂತಿತ್ತು.

ಬಸ್ಸಿನ ದೂಳು ಇಳಿದ ಮೇಲೆ ಸ್ಕೂಟಿ ಬಂತು. ಕೆರೆ ಮೇಲಿನ ಗುತ್ಯಮ್ಮ ಹಸಿರು ಸೀರೆಯಲ್ಲೇ ಇದ್ದಳು, ಬಾಗಿಲಲ್ಲಿ ನಿಂತವಳು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಒಳಗೆ ಬರಲೊಲ್ಲಳು, ನಾನು ಸರಿಯಾಗೇ ಹಾಕೀನಿ, ನಾನು ಯಾರ್ದೂ ಹಾಕಿಲ್ಲ, ಎನ್ನುತ್ತಾಳೆ, ಅಮ್ಮಾ ಬೆರಳು ತೋರಿಸಿ ಎಂದರೆ ಸೆರಗು ಇನ್ನೊಂದು ಸುತ್ತು. ಹಾಕಿದ ಓಟು ವಾಪಸ್ ತಗಳಾಕೆ ಕರೆಸಿದಾರೆ ಅಂತ ಹೆದರ್‍ಯಾಳೆ ಕಣ್ರಿ, ಎಂದಳು ರೋಜಾ. ಈಶ್ವರನೇ ಎದ್ದು ಹೋಗಿ, ಅತ್ತೆ, ಯಂತ್ರದೊಳಗೆ ಹೋಗಿದ್ದನ್ನ ದೇವರೂ ವಾಪಸ್ ತಗಳಾಕಾಗಲ್ಲ, ತೋರ್ಸು, ಎಂದ ಮೇಲೆ ಸೆರಗು ಬಿಚ್ಚಿತು, ಬೆರಳು ಬಂತು, ಉಗುರಿನಿಂದ ಗಿಣ್ಣಿನವರೆಗೆ ಕಪ್ಪು. ಕಾರ್ಡು ನೋಡಿದರು, ಖಾಲಿ ಚೌಕದ್ದೇ. ರಿಜಿಸ್ಟರಿನ ಬೆಳಗಿನ ಸಾಲನ್ನು ತಿದ್ದಿದರು, ಖಾಲಿ ಚೌಕಕ್ಕೆ ಗೆರೆ ಎಳೆಸಿದರು, ಪಟ್ಟಿಯಲ್ಲಿ ತಪ್ಪು ಗೆರೆಯ ಮೇಲೆ ರದ್ದು ಎಂದು ಬರೆದು ಮಹಾಂತೇಶ್ ಸರ್ ಚಿಕ್ಕ ಸಹಿ ಹಾಕಿದರು, ಏಜೆಂಟರಿಬ್ಬರೂ ಡೈರಿಯಲ್ಲಿ ಸಹಿ ಹಾಕಿದರು, ಮೊದಲ ಮತಗಟ್ಟೆ ಅಧಿಕಾರಿಯ ಕಣ್ತಪ್ಪಿನಿಂದ, ಎಂದು ಸರ್ ಬರೆದದ್ದನ್ನು ಸರ್ವಮಂಗಳ ಓದಿ ತಾನೂ ಸಹಿ ಹಾಕಿದಳು, ಅವರು ಅವಳ ಹೆಸರು ಬರೆಯದೆ ಹುದ್ದೆ ಮಾತ್ರ ಬರೆದಿದ್ದರು, ಅಷ್ಟು ಒಳ್ಳೆಯವರು. ಈಗ ಕುರಿ ಗುತ್ಯಮ್ಮನ ದಾರಿ ತೆರೆದಿದೆ. ಮಾಳೇಶ ಹೊರಗೆ ಹೋಗಿ ತೊಗರ್ಸಿಗೆ ಫೋನು ಮಾಡಿ ಬಂದ, ಲೋಕಪ್ಪ ಮಾಮ ಎತ್ತಿದ, ಇನ್ನೂ ಬಂದಿಲ್ವಂತೆ, ಬಂದ್ರೂ ತಿರುಗಿ ಕಳಿಸಾಕೆ ಬಸ್ಸಿಲ್ಲ ಅಂದ, ಹಾಕಿದ್ಲೇನು ಅಂತ ಕೇಳಿದ, ನಾನು ಎಂತ ಹೇಳ್ಲಿ, ಬರ್ತಾಳೆ ಕೇಳು ಅಂದೆ, ಎಂದ. ಬಾಡಿಗೆ ಗಾಡಿ ಕಳಿಸಿದರೆ ಎಂದು ಬಾಯಿ ತೆರೆದವನು ತಾನೇ ಮುಚ್ಚಿದ, ಮತದಾರರನ್ನು ಗಾಡಿಯಲ್ಲಿ ತಂದರೆ ಅದು ಬೇರೆ ಕೇಸು. ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಹತ್ತಿತು. ಯಾವ ಬೈಕು ನಿಂತರೂ ತಲೆ ಎತ್ತಿದಳು. ಕೊನೆಗೆ ಮಹಾಂತೇಶ್ ಸರ್ ಬಾಗಿಲಿಗೆ ಹೋಗಿ, ಓಟು ಹಾಕುವವರು ಯಾರಾದರೂ ಇದ್ದರೆ ಒಳಗೆ ಬನ್ನಿ, ಎಂದು ಖಾಲಿ ಅಂಗಳಕ್ಕೆ ಕೂಗಿದರು, ಕಾದರು, ಮತ್ತೊಮ್ಮೆ ಕೂಗಿದರು, ಬಂದು ಯಂತ್ರದ ಕ್ಲೋಸ್ ಗುಂಡಿ ಒತ್ತಿದರು.

ಅರಗಿನ ವಾಸನೆ, ಮೇಣದ ಬತ್ತಿ, ರಕ್ಷಿತಾ ಕವರುಗಳ ಮೇಲೆ ಹೆಸರು ಬರೆಯುತ್ತಿದ್ದಾಳೆ, ಮೇಡಂ ಪಟ್ಟಿ ಕೊಡಿ, ಸೀಲ್ ಮಾಡಬೇಕು, ಎನ್ನುತ್ತಾಳೆ, ಕೊಡುತ್ತಾಳೆ, ಕೊಡುವ ಮೊದಲು ಆ ಪುಟ ನೋಡಲಿಲ್ಲ, ನೋಡುವುದೇನು, ಒಂದು ಗೆರೆ, ಅದರ ಮೇಲೆ ರದ್ದು, ಅಷ್ಟೇ. ಎಣಿಸಲ್ಲ ಎಂದು ಹೇಳದೆ ಇದ್ದಿದ್ದರೆ ಈ ಹೊತ್ತಿಗೆ ಗುತ್ಯಮ್ಮ ಗಂಡನಿಗೆ ಕಪ್ಪು ಬೆರಳು ತೋರಿಸಿ, ಕಾಗದದಾಗೆ ಒತ್ತಿಸಿದ್ರು ನೋಡು ನಂಗೆ, ನಿಂಗೆ ಬರೀ ಯಂತ್ರ, ಎಂದು ಹಂಗಿಸುತ್ತಿರುತ್ತಿದ್ದಳು, ಹೇಳಿದ್ದರಿಂದ ಅವಳಿಗೆ ಸಿಕ್ಕಿದ್ದೇನು — ಅಲ್ಲ, ಹೇಳಲೇಬೇಕಿತ್ತು, ಅದರಲ್ಲಿ ಅನುಮಾನವಿಲ್ಲ, ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತಾಳೆ. ನೋಟಿಸು ಬರಲಿ, ವಿವರಣೆ ಈಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡರೆ ಸಾಲು ಸರಿಯಾಗಿ ಬರುತ್ತದೆ, ಬಸ್ಸಿನಲ್ಲಿ ಸೊರಬ ಮುಟ್ಟುವುದರೊಳಗೆ ಮುಗಿಯುತ್ತದೆ, ಇಪ್ಪತ್ತು ವರ್ಷದಿಂದ ಇಂಥವನ್ನು ಬೇರೆಯವರಿಗೆ ಬರೆದುಕೊಟ್ಟವಳೇ ತಾನೆ. ಮಾನ್ಯರೇ, ತಮ್ಮ ನೋಟಿಸಿಗೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಸದರಿ ಮತಗಟ್ಟೆಯಲ್ಲಿ ಬೆಳಗಿನ ಜನಸಂದಣಿಯ ವೇಳೆ ಕಣ್ತಪ್ಪಿನಿಂದ ಒಬ್ಬ ಮತದಾರರ ಬದಲಿಗೆ ಅದೇ ಹೆಸರಿನ ಇನ್ನೊಬ್ಬ ಮತದಾರರನ್ನು ಗುರುತು ಮಾಡಿದ್ದು, ತದನಂತರ ಏಜೆಂಟರ ಸಮಕ್ಷಮ ಸದರಿ ಲೋಪವನ್ನು ಸರಿಪಡಿಸಲಾಗಿರುತ್ತದೆ — ಸರಿಪಡಿಸಲಾಗಿರುತ್ತದೆ, ಹೌದು, ಇದರಿಂದ ಮತಗಳ ಒಟ್ಟು ಲೆಕ್ಕದಲ್ಲಿ ಯಾವುದೇ ವ್ಯತ್ಯಾಸ ಉಂಟಾಗಿರುವುದಿಲ್ಲ, ಅದೂ ನಿಜ, ಒಂದೂ ವ್ಯತ್ಯಾಸವಿಲ್ಲ, ಸದರಿ ಮತದಾರರು ಮತ ಚಲಾಯಿಸಲು ತಾವಾಗಿಯೇ — ತಾವಾಗಿಯೇ ಅಲ್ಲ, ಕಾರಣಾಂತರಗಳಿಂದ, ಸದರಿ ಮತದಾರರು ಕಾರಣಾಂತರಗಳಿಂದ, ಸದರಿ ಮತದಾರರ ಎಡಗೈ — ಸದರಿ ಮತದಾರರ ಎಡಗೈ ತೋರುಬೆರಳು, ತೊಳೆದು, ಒರೆಸಿ, ತುದಿಯಲ್ಲಿ ನೂಲಿನ ಗೀರು, ಹಾಳೆಯ ಮೇಲೆ ಚಾಚಿಕೊಂಡು, ಏನೂ ಹಚ್ಚದ, ಆ ಬೆರಳು.